ಐಲ್ ಆಫ್ ಮ್ಯಾನ್ ಟಿಟಿ: ರಸ್ತೆ ಬದಿಯಲ್ಲಿ ಕೂತು ನೋಡುವವರಿಗೆ

ಸೇತುವೆ ಪಕ್ಕದವನು:

ಪ್ರತಿ ವರ್ಷ ಮೇ ತಿಂಗಳು ಹತ್ತಿರವಾಗುತ್ತಿದ್ದಂತೆ ಯಾರಾದರೊಬ್ಬರು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಬೈಕ್ ರೇಸ್ ಟಿಟಿ (ಟೂರಿಸ್ಟ್ ಟ್ರೋಫಿ) ನೋಡಲು ಹೋಗಬಹುದೇ, ಹೋದರೆ ಎಲ್ಲಿ ಕೂರಬೇಕು ಎಂದು ಇಲ್ಲಿ ಕೇಳುತ್ತಾರೆ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಕೆಲಸಕ್ಕಿರುವ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲದ ನನ್ನ ಪಾಡು ಇನ್ನೊಬ್ಬರಿಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆ ಸಲ ನಾನು ರೇಸನ್ನು ನೋಡಲೇ ಇಲ್ಲ, ಕೇಳಿದೆ ಅಷ್ಟೆ. ಬೆಳಿಗ್ಗೆ ನಿಧಾನವಾಗಿ ತಿಂಡಿ ಮುಗಿಸಿ ಹೊರಟು, ರಸ್ತೆ ದಾಟಿ ಆಚೆ ಬದಿಯ ಗದ್ದೆಗೆ ಹೋಗೋಣ ಎನ್ನುವಷ್ಟರಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಹೆಂಗಸೊಬ್ಬರು ಹಗ್ಗ ಅಡ್ಡ ಕಟ್ಟಿ, ರಸ್ತೆ ಮುಚ್ಚಿ ಎರಡು ನಿಮಿಷವಾಯಿತು ಎಂದರು. ಎರಡೇ ನಿಮಿಷ ಎಂದು ನಾನು ಗೋಗರೆದರೂ ಅವರು ಜಗ್ಗಲಿಲ್ಲ. ಮುಂದಿನ ಮೂರೂವರೆ ಗಂಟೆ ಒಂದು ಮನೆಯ ಹಿತ್ತಿಲ ಗೋಡೆಗೆ ಒರಗಿ, ಗೋಡೆಯ ಆಚೆ ಹರಿದುಹೋಗುತ್ತಿದ್ದ ಸದ್ದನ್ನು ಲೆಕ್ಕ ಹಾಕುತ್ತ ನಿಂತಿದ್ದೆ.

ಇದು ಕ್ರೀಡಾಂಗಣದಲ್ಲಿ ನಡೆಯುವ ಸ್ಪರ್ಧೆಯಲ್ಲ. ಉಳಿದ ದಿನಗಳಲ್ಲಿ ಹಾಲಿನ ಲಾರಿಯೂ ಶಾಲೆಯ ಬಸ್ಸೂ ಓಡಾಡುವ 37.73 ಮೈಲಿ, ಎಂದರೆ ಸುಮಾರು 60.7 ಕಿಲೋಮೀಟರ್ ಸಾರ್ವಜನಿಕ ರಸ್ತೆಯನ್ನು ಕಾನೂನಿನ ಪ್ರಕಾರ ಕೆಲವು ಗಂಟೆಗಳ ಕಾಲ ಮುಚ್ಚಿ ಅದರ ಮೇಲೆ ಓಡಿಸುತ್ತಾರೆ. ರಾಜಧಾನಿ ಡಗ್ಲಸ್‌ನ ಗ್ಲೆನ್‌ಕ್ರಚರಿ ರಸ್ತೆಯಲ್ಲಿ ಹೊರಟ ಬೈಕು ಬ್ರೇ ಹಿಲ್ ಎಂಬ ಇಳಿಜಾರಿನ ಬೀದಿಯಲ್ಲಿ ಧುಮುಕಿ, ಯೂನಿಯನ್ ಮಿಲ್ಸ್, ಗ್ಲೆನ್ ಹೆಲೆನ್, ಕರ್ಕ್ ಮೈಕಲ್, ಸಲ್ಬಿ ದಾಟಿ ಉತ್ತರದ ರಾಮ್ಸಿ ಪಟ್ಟಣ ಮುಟ್ಟುತ್ತದೆ. ಅಲ್ಲಿಂದ ಬೆಟ್ಟ ಹತ್ತಿ, ಸಮುದ್ರಮಟ್ಟದಿಂದ 420 ಮೀಟರ್ ಎತ್ತರದವರೆಗೆ ಹೋಗಿ, ಕ್ರೆಗ್-ನಿ-ಬಾ ಕಡೆಯಿಂದ ಇಳಿದು ಮತ್ತೆ ಡಗ್ಲಸ್ ಸೇರುತ್ತದೆ. ಇನ್ನೂರಕ್ಕೂ ಹೆಚ್ಚು ತಿರುವುಗಳಿವೆ. 2023ರಲ್ಲಿ ಪೀಟರ್ ಹಿಕ್‌ಮನ್ ಈ ಸುತ್ತನ್ನು 16 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದ್ದರು. ಸರಾಸರಿ ವೇಗ ಗಂಟೆಗೆ 136.358 ಮೈಲಿ. ಸರಾಸರಿ ಎಂಬ ಪದವನ್ನು ಇನ್ನೊಮ್ಮೆ ಓದಿಕೊಳ್ಳಿ, ಏಕೆಂದರೆ ಅದರಲ್ಲಿ ಹಳ್ಳಿಯ ನಡುವಿನ ತಿರುವು, ಗೂನು ಸೇತುವೆ, ರಾಮ್ಸಿಯ ಹೇರ್‌ಪಿನ್ ಎಲ್ಲವೂ ಸೇರಿವೆ.

ಹೊಸಬರಿಗೆ ಗೊಂದಲವಾಗುವ ಇನ್ನೊಂದು ಸಂಗತಿಯೆಂದರೆ, ಸವಾರರು ಒಟ್ಟಿಗೆ ಹೊರಡುವುದಿಲ್ಲ. ಹತ್ತು ಸೆಕೆಂಡಿಗೊಬ್ಬರಂತೆ ಬಿಡುತ್ತಾರೆ, ಗೆಲುವು ಗಡಿಯಾರದ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ. ನಿಮ್ಮ ಎದುರು ಮೊದಲು ಬಂದವನು ಮುಂದಿದ್ದಾನೆ ಎಂದು ಅರ್ಥವಲ್ಲ. ಒಂದು ನಿಮಿಷದ ಹಿಂದೆ ಹಾದುಹೋದವನಿಗಿಂತ ಈಗ ಹಾದುಹೋದವನು ಎರಡು ಸೆಕೆಂಡು ಮುಂದಿರಬಹುದು. ಅದಕ್ಕೇ ಅಲ್ಲಿ ಕಣ್ಣಿನಷ್ಟೇ ಕಿವಿಯೂ ಬೇಕು. ಎಲ್ಲರ ಕಿವಿಯಲ್ಲೂ ಮ್ಯಾಂಕ್ಸ್ (ಎಂದರೆ ಈ ದ್ವೀಪದ) ರೇಡಿಯೋ ಇರುತ್ತದೆ. ಗ್ಲೆನ್ ಹೆಲೆನ್‌ನಲ್ಲಿ ಇಷ್ಟು, ಬಲ್ಲಾಫ್‌ನಲ್ಲಿ ಇಷ್ಟು, ರಾಮ್ಸಿಯಲ್ಲಿ ಇಷ್ಟು ಎಂದು ಅಂತರ ಹೇಳುತ್ತ ಹೋದಂತೆ, ಬೇಲಿ ಪಕ್ಕ ಕೂತ ಮುದುಕರು ಪೆನ್ಸಿಲ್ಲಿನಿಂದ ಕಾರ್ಯಕ್ರಮ ಪಟ್ಟಿಯ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ.

ನಾನು ಈಗ ಕಾಯಂ ಕೂರುವ ಜಾಗ ಬಲ್ಲಾಫ್ ಸೇತುವೆ. ಹಳ್ಳಿಯ ಮಧ್ಯದ ಚಿಕ್ಕ ಗೂನು ಸೇತುವೆ, ಪಕ್ಕದಲ್ಲೊಂದು ಪಬ್. ಬ್ರೇಕ್ ಹಾಕಿ ವೇಗ ಇಳಿಸಿ ಬಂದರೂ ಎರಡೂ ಚಕ್ರಗಳು ನೆಲ ಬಿಡುತ್ತವೆ. ಹತ್ತಿರದಿಂದ ನೋಡಿದರೆ, ಗಾಳಿಯಲ್ಲಿರುವ ಆ ಅರೆಕ್ಷಣ ಎಂಜಿನ್ ಸದ್ದು ಒಮ್ಮೆಲೇ ಮೇಲೇರುತ್ತದೆ, ಏಕೆಂದರೆ ಹಿಂಚಕ್ರಕ್ಕೆ ತಳ್ಳಲು ನೆಲವಿರುವುದಿಲ್ಲ. ಮರುಕ್ಷಣ ಚಕ್ರ ನೆಲ ಕಚ್ಚಿದಾಗ ಚೈನು 'ಛಟ್' ಎನ್ನುವುದೂ, ಸವಾರ ಮೊಣಕಾಲಿನಲ್ಲಿ ಪೆಟ್ಟನ್ನು ನುಂಗಿಕೊಳ್ಳುವುದೂ ಸ್ಪಷ್ಟವಾಗಿ ಕಾಣುತ್ತದೆ. ಬ್ರೇ ಹಿಲ್‌ನ ಬುಡದಲ್ಲಿ ಹೀಗಲ್ಲ. ಅಲ್ಲಿ ಏನೂ ಕಾಣುವುದಿಲ್ಲ. ಎದೆಗೆ ಗಾಳಿ ಬಡಿದ ಮೇಲೆ, ಓಹ್, ಹೋದ ಎಂದು ಗೊತ್ತಾಗುತ್ತದೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಂಟೆಗೆ 270 ಕಿಲೋಮೀಟರ್ ಎಂದರೆ ಸೆಕೆಂಡಿಗೆ 75 ಮೀಟರ್. ನಿಮ್ಮ ಕಣ್ಣಿಗೆ ನೂರು ಮೀಟರ್ ರಸ್ತೆ ಕಂಡರೆ ಒಬ್ಬ ಸವಾರ ಸುಮಾರು 1.3 ಸೆಕೆಂಡು ಕಾಣುತ್ತಾನೆ. ಆರು ಸುತ್ತಿನ ಮುಖ್ಯ ರೇಸು ಸೀನಿಯರ್ ಟಿಟಿಯಲ್ಲಿ ಒಟ್ಟು ಎಂಟು ಸೆಕೆಂಡು. ಕೊನೆಯವನು ಹಾದುಹೋದ ಮೇಲೆ ಮೊದಲನೆಯವನು ಮರಳಿ ಬರುವವರೆಗೆ ಏಳೆಂಟು ನಿಮಿಷ ರಸ್ತೆ ಖಾಲಿ. ಹಕ್ಕಿ ಕೂಗುವುದು, ಯಾರದೋ ಫ್ಲಾಸ್ಕಿನಿಂದ ಚಹಾ ಬಗ್ಗಿಸುವುದು ಕೇಳುತ್ತದೆ. ಈ ಕಾಯುವಿಕೆ ಹಿಡಿಸದವರು ಹೋಗಬಾರದು. ನನಗೆ ಅದೇ ಹಿಡಿಸಿತು.

ಹಾಸನದ ಹಿಮಾಲಯನ್:

ಸರ್, ಬಹಳ ಉಪಯುಕ್ತವಾದ ಬರಹ. ಮುಂದಿನ ವರ್ಷ ನಾನೂ ನನ್ನ ಭಾವನೂ ಹೋಗಬೇಕೆಂದಿದ್ದೇವೆ. ಆ ದ್ವೀಪ ಬ್ರಿಟನ್ನಿಗೆ ಸೇರಿದ್ದಲ್ಲ ಎಂದು ಓದಿದೆ. ಹಾಗಾದರೆ ವೀಸಾ ಬೇರೆ ಬೇಕೇ? ಉಳಿಯಲು ಹೋಟೆಲುಗಳು ಸಿಗುತ್ತವೆಯೇ? ಪ್ರವೇಶಕ್ಕೆ ಟಿಕೆಟ್ ಎಷ್ಟು? ನಾವಿಬ್ಬರೂ ಸಸ್ಯಾಹಾರಿಗಳು ಎಂಬುದನ್ನೂ ಗಮನಕ್ಕೆ ತರುತ್ತಿದ್ದೇನೆ.

ಸೇತುವೆ ಪಕ್ಕದವನು:

ನೀವು ಓದಿದ್ದು ಸರಿ. ಅದು ಬ್ರಿಟಿಷ್ ರಾಜಮನೆತನದ ಅಧೀನದಲ್ಲಿರುವ, ತನ್ನದೇ ಸಂಸತ್ತು ಇರುವ ದ್ವೀಪ. ಟಿನ್‌ವಾಲ್ಡ್ ಎಂಬ ಆ ಸಂಸತ್ತಿಗೆ ಸಾವಿರ ವರ್ಷಕ್ಕೂ ಮೀರಿದ ಪರಂಪರೆಯಿದೆ. ಜನಸಂಖ್ಯೆ ಎಂಬತ್ತನಾಲ್ಕು ಸಾವಿರದ ಆಸುಪಾಸು, ಎಂದರೆ ನಿಮ್ಮ ಹಾಸನ ನಗರಕ್ಕಿಂತ ಕಡಿಮೆ. ಆದರೆ ಬ್ರಿಟನ್ನಿನ ಪ್ರವಾಸಿ ವೀಸಾ ಅಲ್ಲಿಗೂ ನಡೆಯುತ್ತದೆ. ನೋಟುಗಳು ಮಾತ್ರ ಬೇರೆ. ಒಂದು ಪೌಂಡಿನ ನೋಟು ಇಂಗ್ಲೆಂಡಿನಲ್ಲಿ ಎಂದೋ ನಿಂತುಹೋದರೂ ಅಲ್ಲಿ ಇನ್ನೂ ಚಲಾವಣೆಯಲ್ಲಿದೆ. ಬೆಲೆ ಸಮವಾದರೂ ಮ್ಯಾಂಕ್ಸ್ ನೋಟನ್ನು ಇಂಗ್ಲೆಂಡಿನ ಅಂಗಡಿಗಳಲ್ಲಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಹಡಗು ಹತ್ತುವ ಮೊದಲು ಖರ್ಚು ಮಾಡಿಬಿಡಿ.

ಹೀಶಮ್ ಬಂದರಿನಿಂದ ಹಡಗಿನಲ್ಲಿ ಮೂರು ಮುಕ್ಕಾಲು ಗಂಟೆ, ಲಿವರ್‌ಪೂಲ್‌ನಿಂದ ವೇಗದ ಹಡಗಾದರೆ ಎರಡು ಮುಕ್ಕಾಲು ಗಂಟೆ. ವಾಹನ ಒಯ್ಯುವವರು ಸುಮಾರು ಒಂದು ವರ್ಷ ಮೊದಲೇ ಜಾಗ ಕಾದಿರಿಸುತ್ತಾರೆ. ಕೈಯಲ್ಲಿ ಚೀಲ ಹಿಡಿದು ಬರುವವರಿಗೆ ಅಷ್ಟು ಕಷ್ಟವಿಲ್ಲ. ಹೋಟೆಲು ಸಿಗುತ್ತದೆಂದು ನಂಬಿ ಕೂರಬೇಡಿ. ಆ ಎರಡು ವಾರ ದ್ವೀಪದವರು ತಮ್ಮ ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಾರೆ, ಆಟದ ಮೈದಾನಗಳಲ್ಲಿ ಡೇರೆ ಹಾಕಲು ಬಿಡುತ್ತಾರೆ. ನಾನು ಕೊನೆಯ ಎರಡು ಸಲವೂ ಒಬ್ಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿದ್ದೆ.

ಗ್ರ್ಯಾಂಡ್‌ಸ್ಟ್ಯಾಂಡ್ ಮುಂತಾದ ಕೆಲವು ಕಡೆ ಟಿಕೆಟ್ ಇದೆ. ಉಳಿದಂತೆ ರಸ್ತೆಯ ಬದಿಯಲ್ಲಿ ಕೂರಲು ಯಾರೂ ಕಾಸು ಕೇಳುವುದಿಲ್ಲ. ಯಾರದಾದರೂ ತೋಟದಲ್ಲಿ ಕೂತರೆ ಡಬ್ಬಕ್ಕೆ ಒಂದೆರಡು ಪೌಂಡು ಹಾಕುವುದು ಮರ್ಯಾದೆ. ಬ್ರಾಡನ್ ಸೇತುವೆಯ ಚರ್ಚಿನ ಬಳಿ ಊರಿನ ಹೆಂಗಸರು ಮನೆಯಲ್ಲಿ ಮಾಡಿದ ಕೇಕು, ಚಹಾ ಮಾರುತ್ತಾರೆ. ಊಟದ ವಿಷಯಕ್ಕೆ ಬಂದರೆ, ಆಲೂಗಡ್ಡೆ ಚಿಪ್ಸ್ ಮೇಲೆ ಚೀಸ್ ಉದುರಿಸಿ ಗ್ರೇವಿ ಸುರಿದ ತಿನಿಸು ಅಲ್ಲಿನವರ ಅಚ್ಚುಮೆಚ್ಚು. ಆ ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದು, ಕೇಳದೆ ತಿನ್ನಬೇಡಿ. ನಾನು ಚಟ್ನಿಪುಡಿ ಹಚ್ಚಿದ ಚಪಾತಿ ಸುತ್ತಿಕೊಂಡು ಹೋಗುತ್ತೇನೆ. ಪಕ್ಕದಲ್ಲಿ ಕೂತಿದ್ದ ಜರ್ಮನ್ ದಂಪತಿ ಅದರಲ್ಲಿ ಅರ್ಧ ಖಾಲಿ ಮಾಡಿದರು.

ಮೂಳೆ ವೈದ್ಯೆ, ಹುಬ್ಬಳ್ಳಿ:

ಎಲ್ಲರೂ ಉತ್ಸಾಹದಿಂದ ಬರೆಯುತ್ತಿರುವಾಗ ಅಡ್ಡ ಮಾತನಾಡಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಆದರೂ ಹೇಳುತ್ತೇನೆ. ತುರ್ತು ಚಿಕಿತ್ಸಾ ಘಟಕದಲ್ಲಿ ವಾರಕ್ಕೆ ಮೂರ್ನಾಲ್ಕು ಬೈಕ್ ಅಪಘಾತಗಳನ್ನು ನೋಡುವವಳು ನಾನು. ಈ ಮಾರ್ಗದಲ್ಲಿ 1911ರಿಂದ ಈಚೆಗೆ, ಇಲ್ಲೇ ನಡೆಯುವ ಮ್ಯಾಂಕ್ಸ್ ಗ್ರ್ಯಾನ್ ಪ್ರಿ ಸ್ಪರ್ಧೆಯನ್ನೂ ಸೇರಿಸಿದರೆ, 260ಕ್ಕೂ ಹೆಚ್ಚು ಸ್ಪರ್ಧಿಗಳು ಸತ್ತಿದ್ದಾರೆ. ರಸ್ತೆಯ ಅಂಚಿನಲ್ಲಿ ಕಲ್ಲುಗೋಡೆ, ದೀಪದ ಕಂಬ, ಮನೆಯ ಮೂಲೆ. ಮುಗ್ಗರಿಸಿದವನು ಜಾರಿಹೋಗಿ ನಿಲ್ಲಲು ಜಾಗವೇ ಇಲ್ಲ. ಅಲ್ಲಿ ಸತ್ತವರು ಸವಾರರಷ್ಟೇ ಅಲ್ಲ. 2007ರ ಸೀನಿಯರ್ ರೇಸಿನಲ್ಲಿ 26ನೇ ಮೈಲಿಯ ಬಳಿ ಸವಾರನೊಂದಿಗೆ ಇಬ್ಬರು ಪ್ರೇಕ್ಷಕರೂ ತೀರಿಕೊಂಡರು. 2013ರಲ್ಲಿ ಬ್ರೇ ಹಿಲ್‌ನ ಬುಡದಲ್ಲಿ ಹತ್ತು ಹನ್ನೊಂದು ಮಂದಿ ಪ್ರೇಕ್ಷಕರಿಗೆ ಗಾಯವಾಯಿತು. ಹತ್ತಿರದಿಂದ ನೋಡುವುದೇ ಇದರ ಸೊಗಸು ಎನ್ನುತ್ತೀರಲ್ಲ, ಆ ಹತ್ತಿರಕ್ಕೆ ತೆರುವ ಬೆಲೆಯನ್ನೂ ಬರಹದಲ್ಲಿ ಹೇಳಬೇಡವೇ? ನೋಡುವವರು ಇಲ್ಲದಿದ್ದರೆ ಇಷ್ಟು ದೊಡ್ಡದಾಗಿ ಇದು ನಡೆಯುತ್ತಿತ್ತೇ?

ಸೇತುವೆ ಪಕ್ಕದವನು:

ಡಾಕ್ಟರೇ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಮೊದಲ ಬರಹದಲ್ಲಿ ನಾನು ಅದನ್ನು ಬಿಟ್ಟದ್ದು ತಪ್ಪು. ಎರಡನೆಯ ಸಲ ಹೋದಾಗ ಅಭ್ಯಾಸದ ಸಂಜೆಯೊಂದು ಹೀಗಾಯಿತು. ಬೈಕುಗಳು ಬರುತ್ತಿದ್ದವು, ನಿಂತವು. ರಸ್ತೆ ಕಾಯುವ ಮಾರ್ಷಲ್ ಕೆಂಪು ಬಾವುಟ ಹಿಡಿದರು. ಬೆಟ್ಟದ ಕಡೆಗೆ ಹೆಲಿಕಾಪ್ಟರ್ ಹೋಯಿತು. ಅರ್ಧ ಗಂಟೆ ಕಳೆದರೂ ಅದು ಹಿಂದಿರುಗುವ ಸದ್ದಿಲ್ಲ. ಪಬ್ಬಿನ ಮುಂದೆ ಇನ್ನೂರು ಜನ ನಿಂತಿದ್ದರೂ ಯಾರೂ ಮಾತಾಡುತ್ತಿರಲಿಲ್ಲ. ನಾನಿದ್ದ ಮನೆಯ ಶಿಕ್ಷಕಿ ಮರುದಿನ ಬೆಳಿಗ್ಗೆ ರೇಡಿಯೋ ಕೇಳಿ, ಚಹಾದ ಲೋಟ ಕೆಳಗಿಟ್ಟು, ಪರದೆ ಎಳೆದರು. ಸಂಜೆ ಅವರೇ ಮಡಚುವ ಕುರ್ಚಿ ಹಿಡಿದು ಬೇಲಿಗೆ ಹೋದರು. ಆ ಎರಡನ್ನೂ ಒಂದೇ ದಿನ ಒಬ್ಬರೇ ಮಾಡುವುದು ನನಗೆ ಆಗ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ.

ಅಪಾಯದ ಬಗ್ಗೆ ಅಲ್ಲಿಯ ಜನ ಬಾಯಿಬಿಟ್ಟು ಮಾತಾಡುವುದು ಕಡಿಮೆ. ದ್ವೀಪದಲ್ಲಿ 'ಇಲಿ' ಎನ್ನುವ ಪದವನ್ನೇ ಆಡುವುದಿಲ್ಲ, ಅಪಶಕುನವೆಂದು 'ಉದ್ದ ಬಾಲದ್ದು' ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಾವಿನ ಹೆಸರೆತ್ತದೆ 'ಹುಳ' ಎನ್ನುವುದಿಲ್ಲವೇ, ಹಾಗೆ. ಡಗ್ಲಸ್‌ನಿಂದ ಕ್ಯಾಸಲ್‌ಟೌನಿಗೆ ಹೋಗುವ ದಾರಿಯಲ್ಲಿ ಯಕ್ಷಿಣಿಯರ ಸೇತುವೆಯೊಂದಿದೆ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುವ ಸವಾರರು ರೇಸಿಗೆ ಮುನ್ನ ಅಲ್ಲಿಗೆ ಹೋಗಿ ಯಕ್ಷಿಣಿಯರಿಗೆ ನಮಸ್ಕಾರ ಹೇಳಿ ಬರುತ್ತಾರೆ.

ಪ್ರೇಕ್ಷಕರಿಗೆ ಈಗ ನಿಷೇಧಿತ ಜಾಗಗಳ ಫಲಕಗಳಿವೆ. ಅಂಥ ಕಡೆ ನಾಲ್ಕು ಜನ ಕೂತಿದ್ದಾರೆಂದು ನೀವೂ ಹೋಗಿ ಕೂರಬಾರದು. ತಿರುವಿನ ಹೊರಬದಿಯಲ್ಲಿ, ಬೈಕು ಜಾರಿದರೆ ನೇರ ಬರುವ ದಿಕ್ಕಿನಲ್ಲಿ, ಫಲಕ ಇಲ್ಲದಿದ್ದರೂ ನಾನು ಕೂರುವುದಿಲ್ಲ. ಆದರೆ ಇದು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಗೊತ್ತು.

ಹಳೆಯ ಯೆಜ್ಡಿ, ಮೈಸೂರು:

ಡಾಕ್ಟರಮ್ಮನವರ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಭಾಗ ಉತ್ತರವಿದೆ. ರೇಸು ಈ ದ್ವೀಪಕ್ಕೆ ಹೋದದ್ದೇ ಕಾನೂನಿನ ಕಾರಣಕ್ಕೆ. 1903ರ ಮೋಟಾರು ಕಾಯಿದೆ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ ಹೇರಿತ್ತು, ಅಲ್ಲಿ ರಸ್ತೆ ಮುಚ್ಚಿ ಪಂದ್ಯ ನಡೆಸಲು ಅವಕಾಶವಿರಲಿಲ್ಲ. ಟಿನ್‌ವಾಲ್ಡ್ 1904ರಲ್ಲಿ ತನ್ನದೇ ಕಾಯಿದೆ ಮಾಡಿ ರಸ್ತೆ ಮುಚ್ಚಲು ಒಪ್ಪಿತು. 1907ರ ಮೊದಲ ಟಿಟಿಯಲ್ಲಿ ಮ್ಯಾಚ್‌ಲೆಸ್ ಓಡಿಸಿದ ಚಾರ್ಲಿ ಕೋಲಿಯರ್ ಗಂಟೆಗೆ 38 ಮೈಲಿಯ ಸರಾಸರಿಯಲ್ಲಿ ಗೆದ್ದರು. 1957ರಲ್ಲಿ ಬಾಬ್ ಮೆಕಿಂಟೈರ್ ಒಂದು ಸುತ್ತಿನಲ್ಲಿ ನೂರು ಮೈಲಿಯ ಸರಾಸರಿ ದಾಟಿದರು. ಐವತ್ತು ವರ್ಷಗಳ ಬಳಿಕ, 2007ರಲ್ಲಿ, ಜಾನ್ ಮೆಕ್‌ಗಿನೆಸ್ 130 ದಾಟಿದರು. ಆ ಐವತ್ತು ವರ್ಷಗಳಲ್ಲಿ ರಸ್ತೆಯ ನಕ್ಷೆ ಹೆಚ್ಚು ಬದಲಾಗಲಿಲ್ಲ, ವೇಗ ಬದಲಾಯಿತು. 1972ರಲ್ಲಿ ಇಟಲಿಯ ಸವಾರ ಪಾರ್ಲೊಟ್ಟಿ ರೇಸಿನಲ್ಲಿ ತೀರಿಕೊಂಡ ಮೇಲೆ ಅಗೊಸ್ಟಿನಿಯಂಥ ಘಟಾನುಘಟಿಯೇ ಇನ್ನು ಇಲ್ಲಿ ಓಡಿಸುವುದಿಲ್ಲ ಎಂದುಬಿಟ್ಟರು. 1976ರ ನಂತರ ಟಿಟಿಗೆ ವಿಶ್ವ ಚಾಂಪಿಯನ್‌ಶಿಪ್‌ನ ಸ್ಥಾನವೂ ಹೋಯಿತು. ಇನ್ನೇನು ಮುಗಿಯಿತು ಎಂದುಕೊಂಡಿದ್ದಾಗ, ಹನ್ನೊಂದು ವರ್ಷ ದೂರವಿದ್ದ ಮೈಕ್ ಹೇಲ್‌ವುಡ್ 1978ರಲ್ಲಿ ಡುಕಾಟಿ ಹಿಡಿದು ಬಂದು ಗೆದ್ದರು. ಯಾರೂ ಬಲವಂತ ಮಾಡದಿದ್ದರೂ ಸವಾರರು ಬರುತ್ತಲೇ ಇದ್ದಾರೆ ಎಂಬುದಷ್ಟೇ ನನ್ನ ಮಾತು. ಅದು ಸರಿಯೋ ತಪ್ಪೋ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ.

ನಮ್ಮ ಊರಿನ ನಂಟನ್ನೂ ಹೇಳಿಬಿಡುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕು ತಯಾರಾಗಲು ಆರಂಭವಾದ ಕಾಲಕ್ಕೇ, 1962ರ ಜೂನಿಯರ್ ಟಿಟಿಯಲ್ಲಿ ಫ್ರಾಂಟಿಶೆಕ್ ಶ್ಟಾಸ್ಟ್ನಿ ಜಾವಾ ಓಡಿಸಿ ಮೂರನೆಯವರಾದರು. ಅದು ನಮ್ಮ ಟೂ ಸ್ಟ್ರೋಕ್ ಬೈಕಲ್ಲ, ಫೋರ್ ಸ್ಟ್ರೋಕ್ ರೇಸು ಯಂತ್ರ, ಆದರೂ ಟ್ಯಾಂಕಿನ ಮೇಲಿನ ಹೆಸರು ಅದೇ ತಾನೇ. 1907ರಲ್ಲಿ ಜೋಡಿ ಸಿಲಿಂಡರ್ ವಿಭಾಗ ಗೆದ್ದ ನಾರ್ಟನ್ ಕಂಪನಿಯ ಹೆಸರು 2020ರಿಂದ ಟಿವಿಎಸ್‌ನದು, ಆ ಟಿವಿಎಸ್‌ನ ಒಂದು ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. 1911ರಲ್ಲಿ ಮೊದಲ ಮೂರೂ ಸ್ಥಾನ ಗೆದ್ದ 'ಇಂಡಿಯನ್' ಮಾತ್ರ ಅಮೆರಿಕದ ಬೈಕು. ಹೆಸರು ನೋಡಿ ಹಿಗ್ಗಬೇಡಿ, ನಾನು ಹುಡುಗನಾಗಿದ್ದಾಗ ಹಿಗ್ಗಿದ್ದೆ.

ಕಿತ್ತಳೆ ಮೇಲಂಗಿ:

ಮೇಲೆ ಬರೆದವರನ್ನು ಹಗ್ಗ ಕಟ್ಟಿ ತಡೆದವಳು ನಾನಲ್ಲ, ಆದರೆ ನನ್ನಂಥವಳೇ. ಎರಡು ವರ್ಷ ಸ್ವಯಂಸೇವಕಿಯಾಗಿ ಮಾರ್ಷಲ್ ಕೆಲಸ ಮಾಡಿದ್ದೇನೆ, ಮೂಲತಃ ಶಿರಸಿಯವಳು. ಇಡೀ ಮಾರ್ಗದ ಉದ್ದಕ್ಕೂ ನಿಲ್ಲಲು ನೂರಾರು ಜನ ಬೇಕು, ಯಾರಿಗೂ ಸಂಬಳವಿಲ್ಲ. ಸಾಕಷ್ಟು ಜನ ಸೇರದಿದ್ದರೆ ಆ ದಿನ ಬೈಕುಗಳು ಹೊರಡುವುದೇ ಇಲ್ಲ. ಎರಡು ನಿಮಿಷ ಎಂದು ಗೋಗರೆದ ಕಥೆ ಓದಿ ನಕ್ಕೆ. ಪ್ರತಿ ದಿನ ಹತ್ತು ಜನ ಹಾಗೆ ಗೋಗರೆಯುತ್ತಾರೆ. ಮುಚ್ಚಿದ ರಸ್ತೆಗೆ ಕಾಲಿಡುವುದು ಅಲ್ಲಿ ಶಿಕ್ಷೆಗೆ ಗುರಿಯಾಗುವ ಅಪರಾಧ.

ಹವಾಮಾನದ ಬಗ್ಗೆ ಯಾರೂ ಬರೆಯಲಿಲ್ಲ. ಕೆಳಗೆ ಡಗ್ಲಸ್‌ನಲ್ಲಿ ಬಿಸಿಲಿದ್ದರೂ ಬೆಟ್ಟದ ಮೇಲೆ ಕೈ ಚಾಚಿದರೆ ಕಾಣದಷ್ಟು ಮಂಜು ಇರಬಹುದು. ಸಮುದ್ರದೇವತೆ ಮನನ್ನಾನ್ ತನ್ನ ಮೇಲುಹೊದಿಕೆ ಹೊದಿಸಿದ ಎಂದು ಅಲ್ಲಿನವರು ಹೇಳುತ್ತಾರೆ. ಮಂಜಿದ್ದರೆ ಹೆಲಿಕಾಪ್ಟರ್ ಹಾರಲಾರದು, ಅದು ಹಾರದಿದ್ದರೆ ರೇಸಿಲ್ಲ. 2012ರಲ್ಲಿ ಸೀನಿಯರ್ ಟಿಟಿಯೇ ಹವಾಮಾನದಿಂದ ರದ್ದಾಯಿತು, ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ. ಹಾಗಾಗಿ ಒಂದೇ ದಿನಕ್ಕೆಂದು ಬಂದು ಹೋಗುವವರು ಏನೂ ನೋಡದೆ ಮರಳುವ ಸಾಧ್ಯತೆಯೇ ಹೆಚ್ಚು. ನಾಲ್ಕು ದಿನವಾದರೂ ಇಟ್ಟುಕೊಳ್ಳಿ. ಮೊದಲ ವಾರದ ಸಂಜೆಯ ಅರ್ಹತಾ ಓಟಗಳನ್ನು ಕಡೆಗಣಿಸಬೇಡಿ. ಜನ ಕಡಿಮೆ, ಬೆಳಕು ರಾತ್ರಿ ಒಂಬತ್ತೂವರೆಯವರೆಗೂ ಇರುತ್ತದೆ, ಇಳಿಬಿಸಿಲಿನಲ್ಲಿ ಸಲ್ಬಿಯ ನೇರ ರಸ್ತೆಯ ಕೊನೆಯಲ್ಲಿ ಬೈಕು ಕಾಣುವ ಮೊದಲೇ ಅದರ ಸದ್ದು ಬೇಲಿಯ ಎಲೆಗಳಲ್ಲಿ ನಡುಗುತ್ತದೆ.

ಸ್ವಂತ ವಾಹನವಿಲ್ಲದವರಿಗೆ ಒಂದು ಉಪಾಯ: ಡಗ್ಲಸ್‌ನಿಂದ ಕರಾವಳಿಯ ವಿದ್ಯುತ್ ಟ್ರಾಮಿನಲ್ಲಿ ಲ್ಯಾಕ್ಸಿಗೆ ಬಂದು, ಅಲ್ಲಿಂದ 1895ರಿಂದ ಓಡುತ್ತಿರುವ ಸ್ನೇಫೆಲ್ ಬೆಟ್ಟದ ಟ್ರಾಮ್ ಹತ್ತಿದರೆ ಬಂಗಲೆ ಎಂಬ ಜಾಗಕ್ಕೆ ತಲುಪುತ್ತೀರಿ. ಹಳಿ ಮಾರ್ಗದ ಹೊರಬದಿಯಿಂದ ಬರುವುದರಿಂದ ರಸ್ತೆ ಮುಚ್ಚಿದ ಮೇಲೂ ಹೋಗಬಹುದು. ಬೆಟ್ಟದ ಇಳಿಜಾರಿನಲ್ಲಿ ಕೂತರೆ ಒಂದು ಚಿಲ್ಲರೆ ಸೆಕೆಂಡಲ್ಲ, ಒಬ್ಬ ಸವಾರನನ್ನು ಬಹಳ ದೂರದವರೆಗೆ ಕಣ್ಣಲ್ಲೇ ಹಿಂಬಾಲಿಸಬಹುದು. ಸ್ವೆಟರ್ ಮರೆತರೆ ನಿಮ್ಮ ಗತಿ ನಿಮಗೆ.

ಮೂಳೆ ವೈದ್ಯೆ, ಹುಬ್ಬಳ್ಳಿ:

ಉತ್ತರಗಳಿಗೆ ಧನ್ಯವಾದಗಳು. ನನ್ನ ಅಭಿಪ್ರಾಯ ಬದಲಾಗಿಲ್ಲ, ನಾನು ಹೋಗುವುದೂ ಇಲ್ಲ. ಹೋಗುವವರಿಗೆ ಒಂದು ಮಾತು. ರೇಸಿಲ್ಲದ ಹೊತ್ತಿನಲ್ಲಿ ಪ್ರೇಕ್ಷಕರೇ ತಮ್ಮ ಬೈಕುಗಳಲ್ಲಿ ಬೆಟ್ಟದ ರಸ್ತೆಗೆ ಇಳಿಯುತ್ತಾರೆ, ಅಲ್ಲಿ ವೇಗದ ಮಿತಿಯೂ ಇಲ್ಲ ಎಂದು ಓದಿದೆ. ದಯವಿಟ್ಟು ನೋಡುವವರಾಗಿ ಹೋದವರು ನೋಡುವವರಾಗಿಯೇ ಇರಿ.

ಸೇತುವೆ ಪಕ್ಕದವನು:

ಇದಕ್ಕೆ ನನ್ನ ಪೂರ್ತಿ ಸಹಮತವಿದೆ. ಹಿಂದೆ ನಡುವಣ ಭಾನುವಾರ ರೇಸು ಇರುತ್ತಿರಲಿಲ್ಲ, 'ಮ್ಯಾಡ್ ಸಂಡೆ' ಎಂದು ಕರೆಯುತ್ತಿದ್ದ ಆ ದಿನ ನಾನು ಮ್ಯೂಸಿಯಂ ನೋಡಿಕೊಂಡು ಕಾಲ ಕಳೆಯುತ್ತಿದ್ದೆ. ರೇಸಿನ ಅವಧಿಯಲ್ಲಿ ಬೆಟ್ಟದ ರಸ್ತೆಯನ್ನು ಏಕಮುಖ ಮಾಡಿರುತ್ತಾರೆ ನಿಜ, ಆದರೆ ವೇಗದ ಮಿತಿ ಇಲ್ಲವೆಂದರೆ ಅಜಾಗರೂಕ ಚಾಲನೆಗೆ ಶಿಕ್ಷೆ ಇಲ್ಲವೆಂದು ಅರ್ಥವಲ್ಲ.

ಹಾಸನದ ಹಿಮಾಲಯನ್:

ಭಾವ ಬಂಗಲೆ ಎನ್ನುತ್ತಿದ್ದಾರೆ, ನನಗೆ ಬಲ್ಲಾಫ್ ಸೇತುವೆಯ ಮೇಲೆ ಮನಸ್ಸು. ಒಂದು ದಿನ ಅಲ್ಲಿ, ಇನ್ನೊಂದು ದಿನ ಇಲ್ಲಿ ಎಂದು ರಾಜಿ ಮಾಡಿಕೊಂಡಿದ್ದೇವೆ. ಸೇತುವೆಯ ಯಾವ ಪಕ್ಕದಲ್ಲಿ ಕೂರಬೇಕು ಸರ್, ಎಷ್ಟು ಗಂಟೆಗೆ ಹೋಗಬೇಕು?

ಸೇತುವೆ ಪಕ್ಕದವನು:

ಸೇತುವೆ ಇಳಿದ ಮೇಲೆ ಬೈಕು ನೆಲ ಮುಟ್ಟುವ ಕಡೆ ನೋಟ ಚೆನ್ನಾಗಿರುತ್ತದೆ, ಆದರೆ ಎಲ್ಲಿ ಕೂರಬಹುದೆಂದು ಆ ದಿನದ ಮಾರ್ಷಲ್‌ರನ್ನೇ ಕೇಳಿ. ಅದಕ್ಕಿಂತ ಮೊದಲು, ಸಂಜೆ ನೀವು ಹಿಂದಿರುಗಬೇಕಾದ ಮನೆ ರಸ್ತೆಯ ಯಾವ ಬದಿಗಿದೆ ನೋಡಿಕೊಂಡು ಅದೇ ಬದಿಯಲ್ಲಿ ಕೂರಿ. ರಸ್ತೆ ಮುಚ್ಚುವ ಸಮಯಕ್ಕಿಂತ ಎರಡು ಗಂಟೆ ಮೊದಲೇ ಅಲ್ಲಿರಿ. ಕಲ್ಲಿನ ಮೇಲೆ ಹಾಸಿಕೊಳ್ಳಲು ಹಳೆಯ ಕಂಬಳಿ, ಕಿವಿಗೆ ಹತ್ತಿ, ಮಳೆ ಅಂಗಿ ಇರಲಿ. ಜೇಬಿನ ರೇಡಿಯೋಗೆ ಎರಡು ಜೊತೆ ಬ್ಯಾಟರಿ ಒಯ್ಯಿರಿ. ಕಳೆದ ಸಲ ನನ್ನದು ಐದನೆಯ ಸುತ್ತಿನಲ್ಲಿ ನಿಂತುಹೋಯಿತು. ನನ್ನ ಕಣ್ಣೆದುರೇ ಹಾದುಹೋದವರಲ್ಲಿ ಗೆದ್ದವರು ಯಾರೆಂದು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ ಅಜ್ಜಿಯನ್ನು ಕೇಳಿ ತಿಳಿಯಬೇಕಾಯಿತು.